ನೀರಿಗೆ ಬಿಟ್ಟ ಪೆಟ್ಟಿಗೆ

"ಕೈ ತೆಗೀರಿ! ಆ ಪೆಟ್ಟಿಗಿ ಮ್ಯಾಲಿಂದ ಕೈ ತೆಗೀರಿ ಅಂದೆ!"

ಕೂಗಿದ ರಭಸಕ್ಕೆ ಮಾನಪ್ಪನ ಕೈಯಲ್ಲಿದ್ದ ಉಳಿ ಜಾರಿ, ಅವನ ಪಾದದ ಪಕ್ಕದಲ್ಲೇ ನೆಲಕ್ಕೆ ನಾಟಿತು. ಒಂದು ಬೆರಳಿನಷ್ಟು ಈಚೆ ಬಿದ್ದಿದ್ದರೆ ಹೊಸಪೇಟೆಯ ಬಡಗಿಗೆ ಕಾಲಿನ ಹೆಬ್ಬೆರಳು ಇರುತ್ತಿರಲಿಲ್ಲ. ನಮಗೆ ಈ ಕಥೆಯೂ ಇರುತ್ತಿರಲಿಲ್ಲ.

ಅವನು ತಲೆ ಎತ್ತಿ ನೋಡಿದ.

ಹಿತ್ತಲ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಮುಖದ ತುಂಬ ದಾರಿಯ ಧೂಳು. ಬಲಗೈ ಮಣಿಕಟ್ಟಿನ ಮೇಲೆ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಕಲೆಗಳು. ಕಣ್ಣುಗಳು ಮಾತ್ರ... ಅಬ್ಬಾ! ಕುಲುಮೆಯಿಂದ ಈಗಷ್ಟೇ ಎದ್ದು ಬಂದ ಹಾಗಿದ್ದವು.

"ಯಾರ್ರಿ ನೀವು?"

"ಆ ಪೆಟ್ಟಿಗಿ ಯಜಮಾನನ ಮಗಳು. ಕಂಪ್ಲಿ ಕಮ್ಮಾರ ಎರ್ರಿಯಪ್ಪನ ಮಗಳು ಹಂಪಮ್ಮ. ರಿಪೇರಿಗೆ ಅಂತ ಕೊಟ್ಟ ಪೆಟ್ಟಿಗಿನ್ನ ನುಂಗಿ ಕುಂತೀರಲ್ಲ, ನಾಚಿಕಿ ಆಗಂಗಿಲ್ಲೇನು ನಿಮಗ?"

ಮಾನಪ್ಪ ಸುತ್ತ ನೋಡಿದ, ಸಾಕ್ಷಿಗೆ ಯಾರಾದರೂ ಇದ್ದಾರೇನೋ ಎಂಬಂತೆ. ಬೇವಿನ ಮರದ ಕೆಳಗೆ ಇದ್ದವು ಪೆಟ್ಟಿಗೆಗಳಷ್ಟೇ. ಹೊಸಪೇಟೆಯಲ್ಲಿ ಸಕ್ಕರೆ ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಎಲ್ಲೆಲ್ಲಿಂದಲೋ ಫಿಟ್ಟರುಗಳು, ಗಾರೆ ಕೆಲಸದವರು ಬಂದು ಊರು ತುಂಬಿದ್ದರು. ಅವರ ಜೊತೆಗೆ ಅವರ ಅಪ್ಪಂದಿರ, ತಾತಂದಿರ ಹತ್ಯಾರದ ಪೆಟ್ಟಿಗೆಗಳೂ ಬಂದಿದ್ದವು. ತಳ ಕಳಚಿದ್ದು, ಕೀಲು ಮುರಿದದ್ದು, ಮುಚ್ಚಳವೇ ಇಲ್ಲದ್ದು... ಎಲ್ಲವೂ ಕೊನೆಗೆ ಮಾನಪ್ಪನ ಮನೆಯ ಹಿತ್ತಿಲಿಗೆ ಬಂದು ಬೀಳುತ್ತಿದ್ದವು. ಅಪ್ಪ ಅಮ್ಮ ಇಲ್ಲದ ಹುಡುಗ, ಹೊಸ ಬಾಗಿಲು ಕಿಟಕಿಗಿಂತ ಹಳೆಯ ಪೆಟ್ಟಿಗೆಗಳ ಮೇಲೆ ಅವನಿಗೆ ಜೀವ.

"ರಿಪೇರಿಗೆ ಅಂತ ಯಾರು ಹೇಳಿದ್ರು?" ಅವನು ಮೆಲ್ಲಗೆ ಕೇಳಿದ. "ನಿಮ್ಮ ಚಿಗಪ್ಪ, ಸಂಡೂರಿನ ತೋಟಪ್ಪನವರು, ತಮ್ಮ ಅಣ್ಣಂದು, ಒಡದು ಹಲಗಿ ತಗೋ ಅಂತ ಬಿಟ್ಟು ಹೋದ್ರು."

"ಸುಳ್ಳು!"

"ಸುಳ್ಳು ಹೇಳಿ ನನಗೇನು ಆಗಬೇಕೈತ್ರಿ?"

ಹಂಪಮ್ಮ ಹಲ್ಲು ಕಚ್ಚಿದಳು. ಚಿಗಪ್ಪ! ಚಿಕ್ಕವಳಿದ್ದಾಗ ಹೆಗಲ ಮೇಲೆ ಹೊತ್ತು ಹಂಪಿಯ ಬಂಡೆಗಳನ್ನೆಲ್ಲ ಹತ್ತಿಸಿದವನು. ಅಪ್ಪ ತೀರಿಕೊಂಡ ದಿನ ತನ್ನ ತಲೆಯನ್ನು ಎದೆಗೆ ಒತ್ತಿಕೊಂಡು, 'ನಾ ಇಲ್ಲೇನಾ ಯವ್ವಾ' ಎಂದವನು. ಅವನ ಮೇಲೆ ಈ ಗುರುತು ಪರಿಚಯವಿಲ್ಲದ ಬಡಗಿ ಗೂಬೆ ಕೂರಿಸುತ್ತಿದ್ದಾನೆ!

"ಇಲ್ಲಿ ಬರ್ರಿ. ಇದನ್ನ ನೋಡ್ರಿ" ಎಂದ ಅವನು.

ಪೆಟ್ಟಿಗೆಯ ಒಳಗೆ ಒಂದೊಂದು ಹತ್ಯಾರಕ್ಕೂ ಹಲಗೆಯಲ್ಲೇ ಗೂಡು ಕೊರೆದಿತ್ತು. ಇಕ್ಕಳಕ್ಕೆ ಒಂದು, ಅರಕ್ಕೆ ಒಂದು, ದೊಡ್ಡ ಸುತ್ತಿಗೆಗೆ ಒಂದು. ದೊಡ್ಡ ಸುತ್ತಿಗೆಯ ಮಗ್ಗುಲಲ್ಲಿ ಅಂಗೈ ಉದ್ದದ ಇನ್ನೊಂದು ಗೂಡು.

"ಒಡಿಯಾಕಂತ ಉಳಿ ಎತ್ತಿದ್ದು ಖರೆ. ಆಮ್ಯಾಲ ಇದು ಕಣ್ಣಿಗೆ ಬಿತ್ತು. ಇಷ್ಟು ಸಣ್ಣ ಸುತ್ತಿಗಿ ಯಾವ ಕಮ್ಮಾರ ಹಿಡೀತಾನಪ್ಪ ಅಂತ ಭಾಳ ಹೊತ್ತು ಯೋಚನಿ ಮಾಡ್ದೆ. ಕೂಸಿಂದು ಇರಬೇಕು ಅನ್ನಿಸ್ತು... ಕೈ ಏಳ್ಲಿಲ್ಲ. ಅವತ್ತಿಂದ ಇದನ್ನ ಸ್ವಚ್ಛ ಮಾಡ್ಕೊಂತ ಕುಂತೀನಿ. ಯಾರಾರ ಕೇಳ್ಕೊಂಡು ಬರ್ತಾರ ಅಂತ ಗೊತ್ತಿತ್ತು."

ಹಂಪಮ್ಮನ ಬೆರಳು ಆ ಸಣ್ಣ ಗೂಡಿನ ಮೇಲೆ ಆಡಿತು. ಐದು ವರ್ಷದವಳಿದ್ದಾಗ ಅಪ್ಪ ತನಗಾಗಿ ಬಡಿದುಕೊಟ್ಟ ಸುತ್ತಿಗೆ... ಅದು ಈಗಲೂ ಮನೆಯಲ್ಲಿದೆ, ತಲೆದಿಂಬಿನ ಕೆಳಗೆ.

ಬಯ್ಯಲೆಂದು ಬಂದವಳು ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

ಮಾನಪ್ಪನಿಗೆ ಮರದ ಭಾಷೆ ಬರುತ್ತಿತ್ತೇ ಹೊರತು ಅಳುವ ಹೆಣ್ಣುಮಕ್ಕಳನ್ನು ಸಮಾಧಾನ ಮಾಡುವುದು ಬರುತ್ತಿರಲಿಲ್ಲ. ಒಂದು ಚೆಂಬು ನೀರು ತಂದು ಪೆಟ್ಟಿಗೆಯ ಪಕ್ಕದಲ್ಲಿಟ್ಟ.

ಆಕೆ ಅಳು ನಿಲ್ಲಿಸಿ ಚೆಂಬನ್ನು ದೂರ ಸರಿಸಿದಳು. "ಹತ್ಯಾರದ ಹತ್ರ ನೀರು ಇಡ್ತಾರೇನ್ರಿ? ಅಷ್ಟೂ ಗೊತ್ತಿಲ್ಲೇನು?"

ಅವನಿಗೆ ನಗು ಬಂತು. ಆ ನಗುವನ್ನು ಹಂಪಮ್ಮ ಕಂಪ್ಲಿಗೆ ಹೋಗುವ ಬೆಲ್ಲದ ಗಾಡಿಯಲ್ಲಿ ದಾರಿಯುದ್ದಕ್ಕೂ ನೆನೆಸಿಕೊಂಡಳು. ನೆನೆಸಿಕೊಳ್ಳಬಾರದು ಎಂದುಕೊಂಡೇ ನೆನೆಸಿಕೊಂಡಳು.

* * *

ಆ ಪೆಟ್ಟಿಗೆಗೆ ಯಾಕಿಷ್ಟು ರಂಪ ಎನ್ನುತ್ತೀರಾ?

ಎರ್ರಿಯಪ್ಪನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಯಜಮಾನ ತೀರಿಕೊಂಡ ಮೇಲೆ ಬರುವ ಮೊದಲ ಮಹಾನವಮಿಗೆ, ಆಯುಧ ಪೂಜೆಯ ಹೊತ್ತಿಗೆ, ಅವನ ಹತ್ಯಾರದ ಪೆಟ್ಟಿಗೆ, ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಪಕ್ಕದಲ್ಲಿರಬೇಕು. ಇದ್ದರೆ ಕುಲುಮೆ ಆ ಮನೆಯವರದು. ಇಲ್ಲದಿದ್ದರೆ ಆ ಮನೆಯ ಬೆಂಕಿ ಆರಿತೆಂದು ಅರ್ಥ. ಅಡಿಗಲ್ಲು ತಮ್ಮನ ಮನೆಗೆ ಹೋಗುತ್ತದೆ.

ಎರ್ರಿಯಪ್ಪನಿಗೆ ಗಂಡುಮಕ್ಕಳಿಲ್ಲ. ತಿದಿ ಒತ್ತುತ್ತಾ ಬೆಳೆದ ಹಂಪಮ್ಮನೇ ಅವನು ಕಾಯಿಲೆ ಬಿದ್ದು ಮಲಗಿದ ಮೇಲೆ ಕುಡುಗೋಲು, ಕಬ್ಬು ಕಡಿಯುವ ಮಚ್ಚು ಬಡಿಯುತ್ತಿದ್ದಳು. ಆಕೆ, ಆಕೆಯ ಅವ್ವ ಭೀಮಮ್ಮ, ಇಬ್ಬರ ಹೊಟ್ಟೆಯೂ ಆ ಬೆಂಕಿಯಿಂದಲೇ ತುಂಬುತ್ತಿತ್ತು. ಹೊಟ್ಟೆಯದಿರಲಿ, ಅಪ್ಪ ನಿಂತು ಬಡಿದ ಜಾಗದಲ್ಲಿ ತಾನು ನಿಲ್ಲಬೇಕು. ಅದೊಂದೇ ಆಕೆಗೆ ಬೇಕಾದದ್ದು.

ರಿಪೇರಿ ಮಾಡಿಸುತ್ತೇನೆಂದು ಪೆಟ್ಟಿಗೆ ಒಯ್ದಿದ್ದ ಚಿಗಪ್ಪನನ್ನು ಕೇಳಿದಾಗ ಅವನು ದೊಡ್ಡದಾಗಿ ನಕ್ಕ. "ಒಡಿ ಅಂತ ನಾ ಅಂದೆನಾ? ಬಡಿಗ್ಯಾರು ಹಂಗಾ ಯವ್ವಾ, ಕೂಲಿ ಏರ್ಸಾಕ ಏನಾರ ಹೇಳ್ತಾರ. ಅಂವನ ಮ್ಯಾಲೆ ಒಂದು ಕಣ್ಣಿಡು."

ಹಂಪಮ್ಮ ಒಂದಲ್ಲ, ಎರಡೂ ಕಣ್ಣಿಟ್ಟಳು.

ವಾರವಾರ ಕುಡುಗೋಲು ಮಾರಲು ಹೊಸಪೇಟೆ ಸಂತೆಗೆ ಬರುವಳು. ವ್ಯಾಪಾರ ಮುಗಿದ ಮೇಲೆ ಹಿತ್ತಲ ಬಾಗಿಲು. ಮರದ ಕೆಲಸ ಅವನದು, ಕಬ್ಬಿಣದ ಕೆಲಸ ತನ್ನದು ಎಂದು ಆಕೆಯೇ ಹಂಚಿಕೆ ಮಾಡಿದಳು. ಕೀಲು, ಕೊಂಡಿ, ಮೂಲೆಗೆ ಹೊಡೆಯುವ ಪಟ್ಟಿ... ಒಂದೊಂದನ್ನೇ ಕಂಪ್ಲಿಯಲ್ಲಿ ಬಡಿದು ತಂದು ಅಳತೆ ನೋಡುವಳು. ಪಟ್ಟಿ ಕೂರಿಸಲೆಂದು ಮುಚ್ಚಳವನ್ನು ಕಳಚಿಸಿಕೊಂಡು ಮನೆಗೇ ಒಯ್ದಳು.

"ಹುಳ ಭಾಳ ಒಳಗ ಹೋಗ್ಯಾವ" ಎಂದಿದ್ದ ಮಾನಪ್ಪ ಒಂದು ಸಲ, ಮಾವಿನ ಹಲಗೆಯನ್ನು ಬೆರಳಿನಿಂದ ತಟ್ಟುತ್ತಾ. "ಅದನ್ನ ತೆಗಿಯೋ ಕೆಲಸ ನನಗ ಬಿಡ್ರಿ."

"ಹೆಂಗ ತೆಗೀತೀರಿ?"

ಅವನು ಬಾಯಿ ತೆರೆದವನು ಆಕೆಯ ಮುಖ ನೋಡಿ ಸುಮ್ಮನಾದ. ಚೆಂಬು ದೂರ ಸರಿಸಿದ್ದು ನೆನಪಾಗಿರಬೇಕು. "ನಂಬಿ ಬಿಡ್ರಿ" ಎಂದಷ್ಟೇ ಹೇಳಿದ.

"ನಂಬೀನಿ" ಎಂದಳು ಹಂಪಮ್ಮ.

ಹೇಳಿದ ಮೇಲೆ ಆಕೆಗೇ ಗಾಬರಿಯಾಯಿತು. ಎಷ್ಟು ಸಲೀಸಾಗಿ ಬಂತು ಆ ಮಾತು! ಇವನನ್ನು ನಂಬಿದ್ದು ಪೆಟ್ಟಿಗೆಯ ವಿಷಯದಲ್ಲಿ ಮಾತ್ರವೇ?

ಅಲ್ಲ. ಅದು ಆಕೆಗೂ ಗೊತ್ತಿತ್ತು, ಬೇವಿನ ಮರಕ್ಕೂ ಗೊತ್ತಿತ್ತು. ಗೊತ್ತಿಲ್ಲದವನು ಮಾನಪ್ಪ ಒಬ್ಬನೇ ಎಂದು ಆಕೆ ತಿಳಿದಿದ್ದಳು.

* * *

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂದಿತ್ತು. ಊರವರೆಲ್ಲ ಹಿರಿಯರಿಗೆ ಎಡೆ ಇಡುವ, ಪಿಂಡ ನೀರಿಗೆ ಬಿಡುವ ದಿನಗಳು.

ಕೊನೆಯ ಪಟ್ಟಿ ಸಂತೆಯ ದಿನಕ್ಕಿಂತ ಮೊದಲೇ ಸಿದ್ಧವಾಗಿತ್ತು. ಕಾಯಲು ಮನಸ್ಸಾಗಲಿಲ್ಲ. ಸಿಕ್ಕ ಗಾಡಿ ಹತ್ತಿದಳು. ಮಾನಪ್ಪನ ಹಿತ್ತಿಲು ಖಾಲಿ. ಪಕ್ಕದ ಮನೆಯ ಊರಮ್ಮಜ್ಜಿ ಹೇಳಿದಳು: "ಬಸವಣ್ಣ ಕಾಲುವಿ ಕಡೆ ಹೋಗ್ಯಾನ ನೋಡವ್ವ. ಒಳ್ಳೆ ಅಂಗಿ ಹಾಕ್ಕೊಂಡು ಹೋಗ್ಯಾನ!"

ಹಂಪಮ್ಮ ನಗುತ್ತಲೇ ಹೋದಳು. ಆ ನಗು ಕಾಲುವೆಯ ದಂಡೆಯಲ್ಲಿ ಸತ್ತುಹೋಯಿತು.

ಮರದ ನೆರಳಲ್ಲಿ ಇಬ್ಬರು ನಿಂತಿದ್ದರು. ಒಬ್ಬ ಮಾನಪ್ಪ. ಇನ್ನೊಬ್ಬ ಚಿಗಪ್ಪ. ನಡುವೆ ಒಂದು ತಟ್ಟೆ. ಅದರಲ್ಲಿ ಎಲೆ, ಅಡಿಕೆ, ಅರಿಷಿಣದ ಕೊಂಬು, ಕೆಳಗೆ ಮಡಚಿದ ಹಸಿರು ಬಟ್ಟೆ. ಚಿಗಪ್ಪ ನಗುತ್ತಾ ಮಾನಪ್ಪನ ಹೆಗಲು ತಟ್ಟುತ್ತಿದ್ದ.

ಒಬ್ಬರನ್ನೊಬ್ಬರು ದೂರುತ್ತಿದ್ದವರು... ಎಲೆ ಅಡಿಕೆ ಹಿಡಿದು ನಿಂತಿದ್ದಾರೆ?

ಆಮೇಲೆ ಆಕೆಯ ಕಣ್ಣು ನೀರಿಗೆ ಹೋಯಿತು.

ಮೆಟ್ಟಿಲಿನ ಕೆಳಗೆ, ಪಾಚಿ ಹಿಡಿದ ನೀರಿನಲ್ಲಿ, ಕಲ್ಲುಗಳ ಭಾರದಡಿ ನಾಲ್ಕಾರು ಹಲಗೆಗಳು. ಒಂದರ ಮೇಲೆ ಅಂಗೈ ಉದ್ದದ ಆ ಸಣ್ಣ ಗೂಡು. ಅದರೊಳಗೆ ಒಂದು ಮೀನಿನ ಮರಿ ಆಡುತ್ತಿತ್ತು!

ಅಪ್ಪನ ಪೆಟ್ಟಿಗೆ... ಬಿಚ್ಚಿ, ನೀರಿಗೆ ಬಿಟ್ಟಿದ್ದಾರೆ. ಸತ್ತವರ ವಸ್ತುವನ್ನು ನೀರಿಗೆ ಬಿಡುವ ಹಾಗೆ. ಇನ್ನು ನಿನಗೂ ನಮಗೂ ಋಣ ತೀರಿತು ಎನ್ನುವ ಹಾಗೆ!

"ಅಪ್ಪಾ..."

ಆಕೆ ಸೀರೆ ಸಮೇತ ಮೊಣಕಾಲು ನೀರಿಗೆ ಇಳಿದಳು. ಕಲ್ಲುಗಳನ್ನು ಎತ್ತಿ ಎಸೆಯತೊಡಗಿದಳು.

"ಹಂಪಮ್ಮ! ತಡೀರಿ!" ಮಾನಪ್ಪ ಓಡಿ ಬಂದ. "ಈಗ ತೆಗೀಬ್ಯಾಡ್ರಿ, ಇನ್ನೂ ಸ್ವಲ್ಪ ದಿನ ನೀರಾಗ ಇರಬೇಕು. ಹುಳ ಸಾಯಬೇಕಂದ್ರ ನೀರು ಬೇಕ್ರಿ..."

"ಬಾಯಿ ಮುಚ್ರಿ! ಕಮ್ಮಾರನ ಮಗಳಿಗೆ ನೀರಿನ ಪಾಠ ಹೇಳ್ತೀರೇನು? ನೀರಿಗೆ ಬಿದ್ದ ಹತ್ಯಾರ ಏನಾಗ್ತೈತಿ ಅಂತ ನನಗ ಗೊತ್ತಿಲ್ಲೇನು?"

"ಅದು ಕಬ್ಬಿಣ ರೀ... ಇದು ಮರ..."

"ನಂಬಿ ಬಿಡ್ರಿ ಅಂದ್ರಿ! ಇದಕ್ಕೇನು?" ಆಕೆ ತಟ್ಟೆಯ ಕಡೆ ಕೈ ತೋರಿದಳು. "ಆ ತಾಟು ಯಾವುದಕ್ಕ? ಹೇಳ್ರಿ!"

ಮಾನಪ್ಪ ತಟ್ಟೆಯ ಕಡೆ ನೋಡಿದ. ಕಿವಿಯವರೆಗೂ ಕೆಂಪಾದ. ತುಟಿ ಅಲುಗಿತು, ಮಾತು ಬರಲಿಲ್ಲ.

ಅವನು ಸುಮ್ಮನಿದ್ದ ಆ ಒಂದು ಗಳಿಗೆಯಲ್ಲಿ ಚಿಗಪ್ಪ ಮುಂದೆ ಬಂದ.

"ನೋಡಿದೇನವ್ವಾ? ಪೆಟ್ಟಿಗಿ ನೀರಿಗೆ ಹಾಕ್ಯಾನಂತ ತಿಳಿದು ನಾ ಕೇಳಾಕ ಬಂದೆ. ಎಲಿ ಅಡಿಕಿ ಕೊಟ್ಟು ನನ್ನ ಬಾಯಿ ಮುಚ್ಚಸಾಕ ನೋಡ್ತಾನ!"

ಮಾನಪ್ಪ ಚಿಗಪ್ಪನನ್ನು ದಿಟ್ಟಿಸಿ ನೋಡಿದ. ಏನೋ ಹೇಳಲು ಹೋಗಿ, ಹಂಪಮ್ಮನ ಮುಖ ಕಂಡು ತಡೆದ. ಅಲ್ಲಿ ತನ್ನ ಮಾತಿಗೆ ಜಾಗವೇ ಇರಲಿಲ್ಲ.

ಆಕೆ ಒದ್ದೆ ಹಲಗೆಗಳನ್ನು ಎದೆಗೆ ಅವುಚಿಕೊಂಡು ಮೇಲೆ ಬಂದಳು. ಅವನ ಮುಂದೆ ನಿಂತಳು. ಕಣ್ಣೀರು ಒರೆಸಿಕೊಳ್ಳಲಿಲ್ಲ.

"ಕಳ್ಳ ಅಂತ ಬಯ್ಯಾಕ ಬಂದಿದ್ದೆ ಮೊದಲ್ನೇ ದಿನ. ಅವತ್ತ ಬೈದು ಹೋಗಿದ್ರ ಚಲೋ ಇತ್ತು. ಈಗ ನೋಡ್ರಿ... ಪೆಟ್ಟಿಗಿ ಜೊತಿಗೆ ಇನ್ನೂ ಏನೇನೋ ಕಳಕೊಂಡೆ."

ಮಾಡಿ ತಂದಿದ್ದ ಪಟ್ಟಿ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಬಿತ್ತು. ಆಕೆ ತಿರುಗಿ ನೋಡಲಿಲ್ಲ.

* * *

ಆ ದಿನಗಳಲ್ಲಿ ಹಂಪಮ್ಮ ಮಾತಾಡಿದ್ದು ಕಡಿಮೆ, ಬಡಿದದ್ದು ಜಾಸ್ತಿ. ಕುಡುಗೋಲು ಆಗಬೇಕಾದದ್ದು ತೆಳುವಾಗಿ ತಗಡಾಗುವವರೆಗೂ ಬಡಿದಳು.

ನಂಬಿದೆನಲ್ಲಾ... ಆ ಸಣ್ಣ ಗೂಡು ತೋರಿಸಿ ನನ್ನನ್ನು ಅಳಿಸಿದನಲ್ಲಾ... ಅದೇ ಗೂಡನ್ನು ಮೀನಿಗೆ ಕೊಟ್ಟನಲ್ಲಾ! ಬೇರೆ ಯಾರು ಮೋಸ ಮಾಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ತನ್ನ ಮೆತ್ತನೆಯ ಜಾಗ ಯಾವುದೆಂದು ಕಂಡುಕೊಂಡವನೇ ಅಲ್ಲಿಗೆ ಹೊಡೆದನಲ್ಲ ಎಂದು ಉರಿಯುತ್ತಿತ್ತು.

ತಂದ ಹಲಗೆಗಳನ್ನು ಕುಲುಮೆಯ ಮನೆಯ ನೆರಳಿನಲ್ಲಿ ಗೋಡೆಗೆ ಒರಗಿಸಿದ್ದಳು. ಪಕ್ಕದಲ್ಲೇ, ಮೊದಲೇ ಮನೆಗೆ ತಂದಿದ್ದ ಮುಚ್ಚಳ. ಅದೊಂದಾದರೂ ನೀರು ಕಾಣದೆ ಉಳಿಯಿತಲ್ಲ ಎಂದು ದಿನಾ ಸೆರಗಿನಿಂದ ಒರೆಸುವಳು. ಅಪ್ಪನ ಕೈ ಆಡಿದ ಮುಚ್ಚಳ.

ಒಂದು ಬೆಳಿಗ್ಗೆ ಮುಚ್ಚಳದ ಕೆಳಗೆ ಬಿಳಿಹಿಟ್ಟು ಬಿದ್ದಿತ್ತು.

ಗುಡಿಸಿದಳು. ಮರುದಿನ ಮತ್ತೆ ಅಷ್ಟೇ ಹಿಟ್ಟು. ಬಗ್ಗಿ ಕಿವಿಯಿಟ್ಟಳು. ಕಿರ್‍... ಕಿರ್‍... ಒಳಗೆ ಯಾರೋ ಮೆಲ್ಲುತ್ತಿದ್ದರು! ಗಾಬರಿಯಲ್ಲಿ ಎತ್ತಿ ಹಿಡಿದಳು. ಹೆಬ್ಬೆರಳು ಮುಚ್ಚಳದೊಳಗೆ ಇಳಿದೇ ಹೋಯಿತು. ಮೇಲೆ ನಯವಾಗಿ ಹೊಳೆಯುತ್ತಿದ್ದ ಹಲಗೆಯ ಒಳಗೆ ಏನೂ ಇರಲಿಲ್ಲ. ಆಕೆಯ ಕೈಯಲ್ಲೇ ಅದು ಪುಡಿಯಾಯಿತು.

ಹಂಪಮ್ಮ ಆ ಕಡೆಯ ಹಲಗೆಗಳನ್ನು ನೋಡಿದಳು. ಕಾಲುವೆಯ ನೀರಿನಲ್ಲಿ ನೆನೆದು ಬಂದವು. ಕೆಳಗೆ ನೆಲ ಸ್ವಚ್ಛ. ಒಂದು ಚಿಟಿಕೆ ಹಿಟ್ಟೂ ಇಲ್ಲ. ಎತ್ತಿ ಗೋಡೆಗೆ ಕುಟ್ಟಿದಳು. ರಂಧ್ರಗಳಿಂದ ಸತ್ತು ಒಣಗಿದ ಹುಳಗಳು ಉದುರಿದವು. ಹಲಗೆ ಟಣ್ ಎಂದಿತು.

ಜೋಪಾನ ಮಾಡಿದ್ದು ಪುಡಿಯಾಯಿತು. ನೀರಿಗೆ ಹಾಕಿದ್ದು ಗಟ್ಟಿಯಾಗಿ ಉಳಿಯಿತು.

"ಅವ್ವಾ!"

ಭೀಮಮ್ಮ ಒಲೆಯ ಮುಂದಿನಿಂದ ಓಡಿ ಬಂದಳು. ಮಗಳು ಕಾಲುವೆಯ ದಿನದ್ದನ್ನೆಲ್ಲ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ತಟ್ಟೆಯ ಮಾತು ಬಂದಾಗ ಭೀಮಮ್ಮ ಕೈ ಎತ್ತಿ ತಡೆದಳು.

"ತಾಟಿನ್ಯಾಗ ಏನೇನಿತ್ತು? ಸರಿಯಾಗಿ ನೆನಪು ಮಾಡ್ಕೋ."

"ಎಲಿ, ಅಡಿಕಿ... ಹಳದಿದು ಒಂದು... ಅರಿಷಿಣ ಕೊಂಬು. ಕೆಳಗ ಮಡಚಿದ ಅರಿವಿ ಇತ್ತು, ಹಸರುದು."

"ಕುಬಸದ ಕಣ ಅದು, ರವಿಕಿ ಅರಿವಿ." ಭೀಮಮ್ಮ ಹಣೆ ಚಚ್ಚಿಕೊಂಡಳು. "ಯವ್ವಾ ನನ್ನ ಮಗಳಾ! ಬಾಯಿ ಮುಚ್ಚಸಾಕ ಯಾರಾರ ಅರಿಷಿಣ ಕೊಂಬು, ಕುಬಸ ತರ್ತಾರೇನಾ? ಅಂವಗ ಹಿರೇರು ಇಲ್ಲ ಅಂದ್ಯಲ್ಲ. ತಾನಾ ಹೆಣ್ಣು ಕೇಳಾಕ ಬಂದಾನಲ್ಲೇ ಆ ಹುಡುಗ! ನಿನ್ನ ಕೇಳಾಕ!"

ಹಂಪಮ್ಮನ ಕೈಯಿಂದ ಹಲಗೆ ಜಾರಿತು.

ಒಳ್ಳೆ ಅಂಗಿ... ಕೆಂಪಾದ ಕಿವಿ... ಬಾರದೇ ಹೋದ ಮಾತು... ಅಯ್ಯೋ!

ಅದೇ ಹೊತ್ತಿಗೆ ಹೊರಗೆ ಗಾಡಿ ನಿಂತ ಸದ್ದಾಯಿತು. ತೋಟಪ್ಪ ಇಳಿದ. ಖಾಲಿ ಗಾಡಿ, ದಪ್ಪ ಹಗ್ಗ. ಹಬ್ಬಕ್ಕೆ ಇನ್ನೂ ನಾಲ್ಕು ದಿನವಿರುವಾಗಲೇ ಅಡಿಗಲ್ಲು ಒಯ್ಯಲು ಬಂದಿದ್ದ.

"ಪೆಟ್ಟಿಗಿ ಅಂತೂ ಆಗಲಿಲ್ಲ..." ಎಂದು ಶುರು ಮಾಡಿದ.

"ಚಿಗಪ್ಪಾ." ಹಂಪಮ್ಮ ಅವನೆದುರು ಬಂದು ನಿಂತಳು. "ತಾಟಿನ್ಯಾಗ ಅರಿಷಿಣ ಕೊಂಬು ಯಾಕಿತ್ತು?"

ತೋಟಪ್ಪ ನೆಲ ನೋಡಿದ.

"ನನ್ನ ಮುಖ ನೋಡಿ ಹೇಳು. ಹೆಗಲ ಮ್ಯಾಲೆ ಕುಂದರಸ್ಕೊಂಡಿದ್ದಿ ನನ್ನ. ನೀ ಹೇಳಿದ್ದಕ್ಕ ಅಂವನ ನೆಳ್ಳೂ ಬ್ಯಾಡ ಅಂತ ಬಂದೆ. ಹೇಳು!"

"ಕೇಳಾಕ ಬಂದಿದ್ದ" ಎಂದ ತೋಟಪ್ಪ. "ನಾ ಹೊಸಪೇಟಿಗೆ ಬಂದೀನಿ ಅಂತ ತಿಳಕೊಂಡು ಕಾಲುವಿಗೆ ಕರಸಿದ್ದ. ಕೊಡ್ತೀನಿ ಅಂದೆ. ಪೆಟ್ಟಿಗಿ ಮಾತ್ರ ಹಬ್ಬ ಮುಗಿಯೋತನಕ ನೀರಾಗಾ ಇರಲಿ ಅಂದೆ. ಆಗಂಗಿಲ್ಲ ಅಂತ ತಾಟು ವಾಪಸ್ ತಗೊಳ್ಳಾಕ ಹತ್ತಿದ್ದ, ಅಷ್ಟರಾಗ ನೀ ಬಂದಿ... ಸಂಡೂರಿನ ಗಣಿಗೆ ಗುದ್ದಲಿ ಪಿಕಾಸಿ ಎಷ್ಟು ಬಡದ್ರೂ ಸಾಲವಲ್ದು. ಅಂಥ ಅಡಿಗಲ್ಲು ಇಲ್ಲಿ ಕುಡುಗೋಲಿಗೆ ಬಿದ್ದೈತಿ. ಹೆಣ್ಮಗಳು ಎಷ್ಟು ದಿನ ಬಡೀತಾಳ ಅಂತ..."

"ಕೇಳಬೇಕಿತ್ತು ಚಿಗಪ್ಪಾ. ಬೇಕು ಅಂತ ಒಂದು ಮಾತು ಕೇಳಬೇಕಿತ್ತು." ಆಕೆಯ ಕಣ್ಣು ತುಂಬಿತು, ಧ್ವನಿ ನಡುಗಲಿಲ್ಲ. "ನೀ ಕೇಳಿದ್ರ ಕೊಡ್ತಿದ್ದೆನೋ ಏನೋ. ಈಗ ಕೊಡಂಗಿಲ್ಲ."

ಎರಡು ಮೋಸಗಳ ಲೆಕ್ಕ ಅದಲುಬದಲಾಗಿತ್ತು. ನಂಬಬಾರದವನನ್ನು ನಂಬಿದ್ದಳು. ನಂಬಬೇಕಾದವನ ಮುಖಕ್ಕೆ ಬಾಗಿಲು ಹಾಕಿದ್ದಳು. ಎರಡನೆಯದು ಹೆಚ್ಚು ಸುಟ್ಟಿತು, ಯಾಕೆಂದರೆ ಅದನ್ನು ಮಾಡಿದವಳು ತಾನೇ.

"ಹಲಗಿ ಕಟ್ಕೋ" ಎಂದಳು ಭೀಮಮ್ಮ, ಮೈದುನನ ಕಡೆ ನೋಡದೆ. "ಬೆಲ್ಲದ ಗಾಡಿ ಹೊಂಟಿರ್ತಾವ. ನಾ ಅಡಿಗಲ್ಲಿನ ಮಗ್ಗಲಾಗಾ ಕುಂದ್ರತೀನಿ. ಯಾರು ಎತ್ತತಾರ ನೋಡೇಬಿಡ್ತೀನಿ!"

* * *

ಹಿತ್ತಲ ಬಾಗಿಲು ತೆರೆದೇ ಇತ್ತು.

ಬೇವಿನ ಮರದ ಕೆಳಗೆ ಮಾನಪ್ಪ ಯಾರದೋ ಪೆಟ್ಟಿಗೆಗೆ ತಳ ಹೊಡೆಯುತ್ತಿದ್ದ. ಹೆಜ್ಜೆಯ ಸದ್ದಿಗೆ ಸುತ್ತಿಗೆ ನಿಂತಿತು. ಅವನು ತಲೆ ಎತ್ತಲಿಲ್ಲ.

ಹಂಪಮ್ಮ ಹಲಗೆಯ ಕಟ್ಟನ್ನು ಕೆಳಗಿಳಿಸಿದಳು.

"ಮುಚ್ಚಳ ಪುಡಿ ಆತು" ಎಂದಳು.

"ಆಗ್ತೈತಿ ಅಂತ ಗೊತ್ತಿತ್ತು."

"ಇವು ಆಗಲಿಲ್ಲ."

"ಅದೂ ಗೊತ್ತಿತ್ತು."

ಬೇವಿನ ಎಲೆಯೊಂದು ತಿರುಗುತ್ತಾ ಇಬ್ಬರ ನಡುವೆ ಬಿತ್ತು.

"ಬೈರಿ ನನ್ನ" ಎಂದಳು ಹಂಪಮ್ಮ. "ಸುಮ್ನ ಕುಂದರಬ್ಯಾಡ್ರಿ. ಅವತ್ತೂ ಸುಮ್ನಿದ್ರಿ... ಹೆಣ್ಣು ಕೇಳಾಕ ತಂದ ತಾಟು ಅಂತ ಒಂದು ಮಾತು ಹೇಳಬಾರ್ದಾಗಿತ್ತಾ?"

ಅವನು ಈಗ ತಲೆ ಎತ್ತಿದ. ಕಣ್ಣು ಸೊರಗಿದ್ದವು.

"ಅಪ್ಪನ ಪೆಟ್ಟಿಗಿ ಎದಿಗೆ ಅವುಚ್ಕೊಂಡು ಅಳಾಕ ಹತ್ತಿದ್ರಿ. ಅಂಥ ಹೊತ್ತಿನಾಗ, ನಾ ನಿಮ್ಮನ್ನ ಮದಿವಿ ಆಗಬೇಕಂತ ಬಂದೀನ್ರಿ ಅಂತ ಹೆಂಗ ಹೇಳ್ಲಿ?" ಅವನು ಸುತ್ತಿಗೆಯನ್ನು ಕೆಳಗಿಟ್ಟ. "ನನ್ನದೂ ತಪ್ಪೈತಿ. ನೀರಿನ ಮಾತು ಮೊದಲಾ ಹೇಳಬೇಕಿತ್ತು. ಹೇಳಿದ್ರ ನೀವು ಪೆಟ್ಟಿಗಿ ಕೊಡಂಗಿಲ್ಲ ಅಂತ ಹೆದರಿದೆ. ಕೊಡದಿದ್ರ ನೀವು ಇಲ್ಲಿಗೆ ಬರಂಗಿಲ್ಲ ಅಂತ... ಅದಕ್ಕೂ ಹೆದರಿದೆ."

ಹಂಪಮ್ಮ ಅಳುತ್ತಲೇ ನಕ್ಕಳು.

"ಆದ್ರ ಒಂದು ಮಾತು" ಎಂದ ಅವನು. ಧ್ವನಿ ಗಟ್ಟಿಯಾಗಿತ್ತು. "ನಂಬೀನಿ ಅಂದಿದ್ರಿ. ಆಮ್ಯಾಲ ನಂಬಲಿಲ್ಲ. ಅದು ಭಾಳ ನೋವಾತು ನನಗ."

"ಗೊತ್ತು." ಆಕೆ ಅವನೆದುರು ಕೂತಳು. "ನಮ್ಮ ಮನ್ಯಾಗ ಕಾದ ಕಬ್ಬಿಣಕ್ಕ ಒಂದು ಗಳಿಗಿ ನೀರು ಕುಡಸ್ತೀವಿ, ಗಟ್ಟಿ ಆಗ್ಲಿ ಅಂತ. ಆಮ್ಯಾಲ ಜೀವ ಇರೋತನಕ ನೀರು ಮುಟ್ಟಸಂಗಿಲ್ಲ. ಮರಕ್ಕೂ ನೀರು ಕುಡಸ್ತಾರಂತ ನನಗೆಲ್ಲಿ ಗೊತ್ತು? ಇದೊಂದು ಸಲ ತಪ್ಪಿದೆ. ಇನ್ನೊಂದು ಸಲ ತಪ್ಪಂಗಿಲ್ಲ."

ಮಾನಪ್ಪ ಹಲಗೆಯ ಕಟ್ಟನ್ನು ತನ್ನ ಕಡೆ ಎಳೆದುಕೊಂಡ. ಮೂಲೆಯ ಗೂಟಕ್ಕೆ ನೇತುಹಾಕಿದ್ದ ಕಬ್ಬಿಣದ ಪಟ್ಟಿಯನ್ನು ತೆಗೆದು ಆಕೆಯ ಕೈಗಿಟ್ಟ. ಕಾಲುವೆಯ ಮೆಟ್ಟಿಲ ಮೇಲೆ ಬಿದ್ದಿದ್ದ ಪಟ್ಟಿ. ಒಂದು ಚೂರು ತುಕ್ಕಿಲ್ಲ. ಎಣ್ಣೆ ಹಚ್ಚಿ ಒರೆಸಿ ಇಟ್ಟಿದ್ದ.

"ಕಬ್ಬಿಣಕ್ಕ ನೀರು ಆಗಂಗಿಲ್ಲ ಅಂತ ನನಗೂ ಗೊತ್ತೈತ್ರಿ" ಎಂದ.

* * *

ಮಹಾನವಮಿಯ ಬೆಳಿಗ್ಗೆ ಕಂಪ್ಲಿಯ ಕುಲುಮೆಯ ಮುಂದೆ ಓಣಿಯ ಹಿರಿಯರೆಲ್ಲ ಸೇರಿದ್ದರು. ಅಡಿಗಲ್ಲಿಗೆ ಅರಿಷಿಣ ಕುಂಕುಮ, ಚೆಂಡುಹೂವು. ಅದರ ಪಕ್ಕದಲ್ಲಿ ಎರ್ರಿಯಪ್ಪನ ಹತ್ಯಾರದ ಪೆಟ್ಟಿಗೆ. ಮಾವಿನ ಮೈ, ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಮೂಲೆಗಳಿಗೆ ಹಂಪಮ್ಮನ ಕರಿಯ ಪಟ್ಟಿ. ಮೇಲೆ ತೇಗದ ಮುಚ್ಚಳ.

ಹಿರಿಯರು ನೋಡಿದರು, ತಟ್ಟಿದರು, ತಲೆಯಾಡಿಸಿದರು. "ಬೆಂಕಿ ಐತಿ ಈ ಮನ್ಯಾಗ" ಎಂದರು. ಅಷ್ಟೇ ಮಾತು. ಭೀಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತೋಟಪ್ಪನೂ ಬಂದಿದ್ದ. ಬಾಗಿಲ ಹತ್ತಿರವೇ ನಿಂತಿದ್ದ. ಹಂಪಮ್ಮ ಅವನ ಜೊತೆ ಮಾತಾಡಲಿಲ್ಲ. ಎಲ್ಲರಿಗೂ ಪ್ರಸಾದ ಕೊಟ್ಟಂತೆ ಅವನಿಗೂ ಕೊಟ್ಟಳು. ಅದಕ್ಕಿಂತ ಹೆಚ್ಚಿನದು ಈ ವರ್ಷ ಆಕೆಯಿಂದ ಆಗುವಂತಿರಲಿಲ್ಲ.

ಎಲ್ಲರೂ ಹೋದ ಮೇಲೆ ಆಕೆ ಪೆಟ್ಟಿಗೆಯ ಮುಂದೆ ಕೂತಳು. ಮಡಿಲಿನಿಂದ ಆ ಸಣ್ಣ ಸುತ್ತಿಗೆ ತೆಗೆದು ಗೂಡಿನಲ್ಲಿಟ್ಟಳು. ಎಷ್ಟೋ ವರ್ಷಗಳ ಮೇಲೆ ಅದು ತನ್ನ ಜಾಗದಲ್ಲಿ ಕೂತಿತು. ಮುಚ್ಚಳ ಮುಚ್ಚಿ ಕೈ ಆಡಿಸಿದಳು. ಅಂಚಿನಲ್ಲಿ ಹಳೆಯ ಉಜ್ಜುಗುರುತು ಬೆರಳಿಗೆ ತಾಗಿತು.

"ರೀ... ಇದು ಹೊಸಾ ಮುಚ್ಚಳ ಅಲ್ಲ. ಎಲ್ಲಿಂದ ತಂದ್ರಿ?"

ಬಾಗಿಲಿಗೆ ಒರಗಿ ನಿಂತಿದ್ದ ಮಾನಪ್ಪ ತಲೆ ಕೆರೆದುಕೊಂಡ. "ಹೊಸಾ ಹಲಗಿ ಒಣಗಸಾಕ ಟೈಮ್ ಎಲ್ಲಿತ್ರಿ? ನನ್ನ ಪೆಟ್ಟಿಗೀದು. ನಮ್ಮಪ್ಪಂದು."

ಹಂಪಮ್ಮ ದಿಗ್ಗನೆ ತಿರುಗಿದಳು. ಸತ್ತುಹೋದ ಅಪ್ಪನ ಪೆಟ್ಟಿಗೆಯ ಮುಚ್ಚಳ! ಕಿತ್ತು ತನಗೆ ಕೊಟ್ಟಿದ್ದಾನೆ. ಬಾಯಿಬಿಟ್ಟು ಹೇಳಲೂ ಇಲ್ಲ.

"ಮತ್ತ ನಿಮ್ಮ ಪೆಟ್ಟಿಗಿ?"

"ಹೊಸಪೇಟ್ಯಾಗ ಬಾಯಿ ತಕ್ಕೊಂಡು ಕುಂತೈತಿ."

"ಧೂಳು ಬೀಳಂಗಿಲ್ಲೇನು?"

"ಬೀಳ್ತೈತಿ."

ಆಕೆ ಅಡಿಗಲ್ಲಿನ ಇನ್ನೊಂದು ಮಗ್ಗುಲಿನ ನೆಲವನ್ನು ಕೈಯಿಂದ ಒರೆಸಿದಳು. ಒಂದು ಪೆಟ್ಟಿಗೆ ಹಿಡಿಸುವಷ್ಟು ಜಾಗ.

"ಇಲ್ಲಿಗೆ ತರ್ರಿ. ಮರ ಕಂಪ್ಲ್ಯಾಗೂ ಸಿಗ್ತಾವ. ಕಾಲುವಿನೂ ಐತಿ, ನಿಮಗ ಬೇಕಾದಷ್ಟು ನೀರು."

ಮಾನಪ್ಪನ ಮುಖದ ಮೇಲೆ ಮೊದಲ ದಿನದ ಆ ನಗು ಬಂತು. "ತರ್ತೀನಿ."

"ಬರೋ ಮುಂದ ಆ ತಾಟೂ ತರ್ರಿ" ಎಂದಳು ಹಂಪಮ್ಮ, ಮುಖ ಆಚೆ ತಿರುಗಿಸಿಕೊಂಡು. "ಅರಿಷಿಣ ಕೊಂಬು ಮರೀಬ್ಯಾಡ್ರಿ."

"ಈ ಸಲ ಯಾರ ಕೈಗೆ ಕೊಡ್ಲಿ?"

"ನನ್ನ ಕೈಗೆ."